ಖಾಲಿ ಹೋದ ಸೆರಗು

ಮೋರಟಗಿಯಲ್ಲಿ ಯಾರ ಮನೆಯ ಕುಬಸವೇ ಇರಲಿ, ತೊಟ್ಟಿಲ ಕಾರ್ಯವೇ ಇರಲಿ, ಉಡುಗೊರೆ ಮೊದಲು ಸುಜಾತಾಳ ಪಡಸಾಲೆಗೆ ಬಂದು ಹೋಗಬೇಕಿತ್ತು. ಮದುವೆಗೆ ಮುಂಚೆ ಅವಳು ಮುದ್ದೇಬಿಹಾಳದ ಒಂದು ಫ್ಯಾನ್ಸಿ ಅಂಗಡಿಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದವಳು. ಇಲ್ಲಿ ಮಿಂಚುವ ಹಾಳೆ ಬೇಕೆಂದರೆ ಸಿಂದಗಿಯ ಬಸ್ಸು ಹತ್ತಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ಹಾಗಾಗಿ ಮನೆಯಲ್ಲಿ ಕೈಗೆ ಸಿಕ್ಕದ್ದೇ ಅವಳಿಗೆ ಹಾಳೆ, ಅದೇ ರಿಬ್ಬನ್ನು. ಜೋಳದ ಒಣಗರಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿ ಸ್ಟೀಲ್ ಡಬ್ಬಿಗೆ ಸುತ್ತುವಳು. ಹರಿದ ಕಂಬಳಿಯ ತುಂಡಿಗೆ ಹಳೆಯ ಬಳೆ ಪೋಣಿಸುವಳು. ಖಣದ ಚೂರಿನ ಮೂಲೆಗಳನ್ನು ಬೀಸಣಿಕೆಯಂತೆ ನಿರಿಗೆ ಹಿಡಿದು, ನಡುವೆ ಒಂದು ಹುಣಸೆ ಬೀಜ ಸಿಕ್ಕಿಸುವಳು. "ಒಳಗ ಚಮಚ, ಹೊರಗ ಮದಲಗಿತ್ತಿ" ಎಂದು ಓಣಿಯ ಮುದುಕಿಯರು ಚೇಷ್ಟೆ ಮಾಡುತ್ತಿದ್ದರು. ಮಾಡಲಿ ಬಿಡಿ, ತಮ್ಮ ಮೊಮ್ಮಕ್ಕಳ ಮದುವೆ ಬಂದಾಗ ತಾಟು ತಂಬಿಗೆ ಹಿಡಿದು ಅವಳ ಮುಂದೆ ಬಂದು ಕೂರುತ್ತಿದ್ದವರೂ ಅವರೇ.

ಊರಿಗೆಲ್ಲ ಬೇಕಾದವಳು ಮನೆಯಲ್ಲಿ ಒಬ್ಬಳಿಗೆ ಮಾತ್ರ ಬೇಕಾಗಿರಲಿಲ್ಲ. ಆ ಒಬ್ಬಳು ಕಾವೇರಿ. ಇನ್ನೂ ಹಾಲುಹಲ್ಲು ಬೀಳುತ್ತಿದ್ದ ಹುಡುಗಿ, ಗಂಡ ಕಾಂತುವಿನ ಮೊದಲ ಹೆಂಡತಿ ರೇಣುಕಾಳ ಮಗಳು. ರೇಣುಕಾ ಜ್ವರ ನೆತ್ತಿಗೇರಿ ಸತ್ತಾಗ ಹೊಲದಲ್ಲಿ ಕಡಲೆ ಇನ್ನೂ ಹಸಿರಾಗಿತ್ತು, ಮಗು ಆಗಷ್ಟೇ ಓಡಾಡಲು ಕಲಿತಿತ್ತು. ಸುಜಾತಾ ಆ ಮನೆಗೆ ಬಂದದ್ದು ಬಹಳ ತಡವಾಗಿ. ತನಗೆ ಮಕ್ಕಳಾಗುವುದಿಲ್ಲವೆಂದು ಅವಳಿಗೆ ಮೊದಲೇ ಗೊತ್ತಿತ್ತು, ಅದನ್ನು ತಿಳಿದೇ ಕಾಂತು ಅವಳ ಕೈ ಹಿಡಿದಿದ್ದ. ದೇವರು ಹೊಟ್ಟೆಯಲ್ಲಿ ಕೊಡದಿದ್ದುದನ್ನು ಹೊಸ್ತಿಲಲ್ಲಿ ಕೊಟ್ಟ ಎಂದು ಹಿಗ್ಗಿಕೊಂಡು ಬಂದಿದ್ದಳು. ಹುಡುಗಿ ಜಡೆ ಹಾಕಿಸಿಕೊಳ್ಳುತ್ತಿದ್ದಳು, ತುತ್ತು ಮಾಡಿ ಕೊಟ್ಟರೆ ಉಣ್ಣುತ್ತಿದ್ದಳು, "ಚಿಗವ್ವಾ" ಎಂದು ಕರೆಯುತ್ತಿದ್ದಳು. ಅದರಾಚೆ ಒಂದಕ್ಷರ ಇಲ್ಲ. 'ಅವ್ವ' ಎಂಬ ಮಾತು ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತವಳಿಗೆ ಮೀಸಲಾಗಿತ್ತು. ಆ ಮಾತನ್ನು ತನ್ನ ಕಡೆ ತಿರುಗಿಸಿಕೊಳ್ಳಬೇಕೆಂಬುದೇ ಸುಜಾತಾಳ ಹಗಲು ಇರುಳಿನ ಹಂಬಲವಾಗಿತ್ತು.

ಬೇಸಿಗೆಯ ಸೂಟಿಯಲ್ಲಿ ಕಾವೇರಿಯ ಹುಟ್ಟುಹಬ್ಬ ಬಂತು. ಸುಜಾತಾ ಬಣ್ಣದ ಪೆನ್ಸಿಲ್ಲಿನ ದೊಡ್ಡ ಡಬ್ಬಿ ತಂದಿಟ್ಟಿದ್ದಳು. ಸುತ್ತುವುದು ಯಾವುದರಲ್ಲಿ? ಊರವರಿಗೆಲ್ಲ ಮಾಡಿಕೊಟ್ಟ ಜೋಳದ ಗರಿ, ಕಂಬಳಿ ತುಂಡು ಇದಕ್ಕೆ ಸಾಲದೆನಿಸಿತು. ಆಗ ಅವಳ ಕಣ್ಣು ಅಟ್ಟದ ಮೇಲಿನ ಟ್ರಂಕಿನ ಮೇಲೆ ಬಿತ್ತು. ಅದರಲ್ಲಿ ರೇಣುಕಾಳ ಇಳಕಲ್ ಸೀರೆ ಇತ್ತು. ಅದನ್ನು ಮುಟ್ಟಬೇಡವೆಂದು ಅತ್ತೆ ಇಂದ್ರಾಬಾಯಿ ಮೊದಲ ದಿನವೇ ಹೇಳಿದ್ದಳು. ಹೇಳಿದ್ದನ್ನು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ತಾಯಿಯ ಸೀರೆಯಲ್ಲಿ ಸುತ್ತಿ ಕೊಟ್ಟರೆ ಹುಡುಗಿಯ ಮನಸ್ಸು ಕರಗೀತು ಎಂಬ ಆಸೆ ಅವಳನ್ನು ಅಟ್ಟ ಹತ್ತಿಸಿತು. ಕೆಂಪು ಸೆರಗನ್ನು ಕತ್ತರಿಸಿ, ಡಬ್ಬಿಗೆ ಸುತ್ತಿ, ಮೂಲೆಗಳಿಗೆ ತನ್ನ ಎಂದಿನ ನಿರಿಗೆ ಹಿಡಿದಳು. ಕತ್ತರಿಯ ಸದ್ದು ಅವಳಿಗೇ ಯಾಕೋ ಹಿತವೆನಿಸಲಿಲ್ಲ.

ಕಾವೇರಿ ಗಂಟು ಕೈಗೆ ತೆಗೆದುಕೊಂಡವಳೇ ಮುಖಕ್ಕೆ ಒತ್ತಿಕೊಂಡಳು.

"ಇದು ನಮ್ಮವ್ವನ ಸೀರಿ."

"ಹೌದ ಪುಟ್ಟಿ. ಒಳಗ ಏನೈತಿ ನೋಡ."

ಹುಡುಗಿ ಬಿಚ್ಚಿದಳು, ಡಬ್ಬಿಯನ್ನು ನೆಲಕ್ಕಿಟ್ಟಳು, ಸೆರಗನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಓಡಿದಳು. ಸಂಜೆ ಬಂದಾಗ ಹೆಗಲು ಬರಿದಾಗಿತ್ತು. ಎಲ್ಲಿ ಹಾಕಿದೆ ಎಂದು ಸುಜಾತಾ ಕೇಳಿದಳು.

"ಅವ್ವಗ ಕೊಟ್ಟೆ. ಆಕೀದಲ್ಲೇನು ಅದು?"

ಮಕ್ಕಳ ಮಾತು ಎಂದುಕೊಂಡು ಸುಜಾತಾ ಬೇಲಿಯ ಗುಂಟ ಹುಡುಕಿದಳು. ಸಿಗಲಿಲ್ಲ. ಬಣ್ಣದ ಡಬ್ಬಿ ಮಾತ್ರ ಪಡಸಾಲೆಯಲ್ಲಿ ಇಟ್ಟಲ್ಲೇ ಇತ್ತು, ಅವಳಿಗೆ ಅಳು ಬಂತು.

ಕೆಲವು ದಿನ ಕಳೆದ ಮೇಲೆ, ಮಟಮಟ ಮಧ್ಯಾಹ್ನ, ಪಾತ್ರೆ ತಿಕ್ಕಲು ಹಿತ್ತಲ ಬಾಗಿಲು ತೆರೆದರೆ ಕಟ್ಟೆಯ ಮೇಲೆ ಒಂದು ಗಂಟು. ಅದೇ ಕೆಂಪು ಸೆರಗು. ಒಳಗೆ ಒಂದು ಹಿಡಿ ಹಸಿ ಕಡಲೆ, ಗಿಡಸಮೇತ ಕಿತ್ತದ್ದು, ಎಲೆಗಳ ಮೇಲೆ ಇಬ್ಬನಿ. ಹೊರಗೆ ನೆಲ ಬಿರಿಯುವ ಬಿಸಿಲು. ಆ ಕಾಲದಲ್ಲಿ ಹಸಿ ಕಡಲೆ ಎಲ್ಲಿಂದ ಬಂತೆಂದು ಬೇರೆ ಯಾರಾದರೂ ಆಗಿದ್ದರೆ ಕ್ಷಣ ನಿಂತು ಯೋಚಿಸುತ್ತಿದ್ದರು. ಸುಜಾತಾ ಯೋಚಿಸಿದ್ದು ಬೇರೆ: ಕಳೆದ ಸೆರಗು ಯಾರಿಗೋ ಸಿಕ್ಕಿದೆ, ಪುಣ್ಯಾತ್ಗಿತ್ತಿ ಅದನ್ನು ಖಾಲಿ ಕೊಡಲಾರದೆ ಏನೋ ತುಂಬಿ ಇಟ್ಟು ಹೋಗಿದ್ದಾಳೆ. ಈಗ ನಾನೂ ಏನಾದರೂ ತುಂಬಿ ಇಡಬೇಕಲ್ಲ!

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಇದು ರಕ್ತದಲ್ಲಿ ಬಂದದ್ದು. ಪಕ್ಕದ ಮನೆಯ ಬಟ್ಟಲಿರಲಿ, ಬುತ್ತಿಯ ಅರಿವೆಯಿರಲಿ, ಬರಿದಾಗಿ ಮರಳಿಸುವ ಹಾಗಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಬೇಕು. ಯಾರ ಅರಿವೆ, ಯಾರು ಕಳಿಸಿದ್ದು ಎಂದು ಕೇಳುವ ಮೊದಲೇ ಕೈ ಡಬ್ಬಿಗೆ ಹೋಗಿರುತ್ತದೆ. ಸುಜಾತಾಳ ಕೈಯೂ ಹೋಯಿತು. ಎರಡು ಶೇಂಗಾ ಹೋಳಿಗೆ ಇಟ್ಟು, ಗಂಟು ಕಟ್ಟಿ, ಬಂದಲ್ಲೇ ಇಟ್ಟಳು. ಪಾತ್ರೆ ತಿಕ್ಕಿ ಮುಗಿಸಿ ತಲೆಯೆತ್ತುವಷ್ಟರಲ್ಲಿ ಕಟ್ಟೆ ಖಾಲಿಯಾಗಿತ್ತು. ಬೇಲಿಯ ಆಚೆ ಬಟ್ಟಬಯಲು, ಯಾರೂ ಇರಲಿಲ್ಲ.

ಎರಡನೆಯ ಗಂಟನ್ನು ಮೊದಲು ನೋಡಿದವಳು ಇಂದ್ರಾಬಾಯಿ. ಸೆರಗಿನ ಮೂಲೆಗಳಿಗೆ ಈ ಸಲ ನಿರಿಗೆ ಹಿಡಿದಿತ್ತು, ಸುಜಾತಾ ಹಿಡಿಯುವಂತೆಯೇ, ಬೀಸಣಿಕೆಯಾಗಿ. ನಡುವೆ ಒಂದು ಹುಣಸೆ ಬೀಜವೂ ಇತ್ತು. ಯಾರೋ ನಿಂತು ನೋಡಿ ಕಲಿತಂತಿತ್ತು. ಒಳಗೆ ಕರಿಮಣ್ಣಿನ ಒಂದು ಜೋಡಿ ಎತ್ತು, ಇನ್ನೂ ಹಸಿಹಸಿ, ಬೆನ್ನ ಮೇಲೆ ಬೆರಳಿನ ಗುರುತು. ಮುದುಕಿ ಎತ್ತುಗಳನ್ನು ನೋಡಲಿಲ್ಲ. ಗಂಟನ್ನೇ ಹಿಡಿದು ಬೆಳಕಿಗೆ ತಿರುಗಿಸಿದಳು.

"ಇದನ್ಯಾರ ಕಟ್ಯಾರ?"

"ಓಣ್ಯಾಗಿನವ್ರು ಯಾರರ ಇರಬೇಕ್ರಿ ಅತ್ತಿ. ಮೊದಲೂ ಒಮ್ಮಿ ಹಿಂಗ ಇಟ್ಟು ಹೋಗಿದ್ರು."

"ಓಣ್ಯಾಗ ಎಡಗೈಲೆ ಗಂಟು ಹಾಕಾಕಿ ಒಬ್ಬಾಕೀನ ಇದ್ಲು. ಆಕೀನ ನಾವ ಹೊಲದಾಗ ಮಣ್ಣು ಮಾಡಿ ಬಂದೇವಿ." ಮುದುಕಿಯ ದನಿ ನಡುಗಲಿಲ್ಲ, ಇಳಿಯಿತು. "ಸೆರಗು ಹರಿದಾಕಿ ನೀನ ಹೌದಿಲ್ಲೋ? ಮೊದಲ ಬಂದಾಗ ಖಾಲಿ ಕೊಟ್ಯೋ, ತುಂಬಿದ್ಯೋ?"

"ಖಾಲಿ ಹೆಂಗ ಕೊಡಾಕ ಬರತೈತ್ರಿ? ಹೋಳಿಗಿ ಇಟ್ಟಿದ್ದೆ."

"ಅಯ್ಯ ನಮ್ಮವ್ವ! ಸತ್ತಾಕಿ ಜೋಡಿ ಕೊಡೋದು ತೊಗೊಳ್ಳೋದು ಸುರು ಮಾಡಿದೆಲ್ಲ."

ಸುಜಾತಾ ಈಗ ಏನು ಮಾಡಬೇಕೆಂದು ಕೇಳಿದಳು.

"ಮಾಡೋದೇನೈತಿ? ತುಂಬಿದ್ರ ನಂಟು ನಡೀತೈತಿ. ಖಾಲಿ ಕೊಟ್ರ ಹರೀತೈತಿ. ಹರದ ಮ್ಯಾಲೆ ಆ ಮನಿಯವ್ರು ಈ ಮನಿಗೆ ಯಾರೂ ಅಲ್ಲ. ಬದುಕಿದ್ದವ್ರಿಗೂ ಇದ ರೀತಿ, ಸತ್ತವ್ರಿಗೂ ಇದ ರೀತಿ." ಇಂದ್ರಾಬಾಯಿ ಎದ್ದು ಹೋಗಿ ಒಂದು ಬೊಗಸೆ ಜೋಳ ತಂದು ಸೆರಗಿನಲ್ಲಿ ಸುರಿದಳು. "ನಾ ಅಂತೂ ಹರಿಯಾಂಗಿಲ್ಲ. ನನ್ನ ಸೊಸಿ ಆಕಿ."

ಮುದುಕಿಗೆ ಹೆದರಿಕೆ ಇರಲಿಲ್ಲ. ಕಣ್ಣಲ್ಲಿ ನೀರಿತ್ತು, ಸ್ವಲ್ಪ ಖುಷಿಯೂ ಇತ್ತು. ಪಕ್ಕದಲ್ಲೇ ನಿಂತಿರುವ ಸೊಸೆ ನಾನಲ್ಲವೇ ಎಂದು ಸುಜಾತಾಳ ಬಾಯಿಗೆ ಬಂತು, ಆಡಲಿಲ್ಲ.

ಅಲ್ಲಿಂದ ಮುಂದೆ ಕಾವೇರಿ ಮಧ್ಯಾಹ್ನವಾದರೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಹಿತ್ತಲ ಬೇವಿನ ನೆರಳಿನಲ್ಲಿ ಮಣ್ಣಿನ ಎತ್ತು ಇಟ್ಟುಕೊಂಡು ಮಾತಾಡುತ್ತಾ ಕೂರುತ್ತಿದ್ದಳು. ಒಂದು ಮಾತಾಡಿ ನಿಲ್ಲಿಸುವಳು, ಕೇಳಿಸಿಕೊಳ್ಳುವಳು, ನಗುವಳು, ಮತ್ತೆ ಮಾತಾಡುವಳು. ಸುಜಾತಾ ಬಾಗಿಲ ಸಂದಿನಿಂದ ನೋಡಿದರೆ ಎದುರಿಗೆ ಯಾರೂ ಕಾಣುತ್ತಿರಲಿಲ್ಲ. ಉಣ್ಣಲು ಕರೆದರೆ "ಅವ್ವ ಉಣಿಸಿದ್ಲು" ಎನ್ನುತ್ತಿದ್ದಳು. ಕಟವಾಯಿಯಲ್ಲಿ ಕರಿಮಣ್ಣು ಅಂಟಿರುತ್ತಿತ್ತು, ಆಗಷ್ಟೇ ಮಳೆ ಬಿದ್ದ ಹೊಲದ ಮಣ್ಣಿನಂತೆ ಒದ್ದೆ.

ಒಂದು ದಿನ ಬೆಳಿಗ್ಗೆ ಸುಜಾತಾ ತಾನೇ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದಳು. ಮಧ್ಯಾಹ್ನ ಹುಡುಗಿ ಒಳಗೆ ಬಂದಾಗ ಜಡೆ ಬೇರೆಯೇ ಆಗಿತ್ತು. ಎಳೆಗಳು ಎಡದಿಂದ ಹೊರಳಿದ್ದವು. ಸಡಿಲವಾಗಿ, ಮೆತ್ತಗೆ, ಮಗುವಿಗೆ ನೋಯಬಾರದೆಂದು ಹಾಕಿದ ಜಡೆ. ಸುಜಾತಾ ಅದನ್ನು ಬಿಚ್ಚಲು ಕೈ ಚಾಚಿದರೆ ಕಾವೇರಿ ಎರಡೂ ಕೈಯಲ್ಲಿ ಜಡೆ ಹಿಡಿದುಕೊಂಡು ಹಿಂದೆ ಸರಿದಳು. ಅಂದು ಸುಜಾತಾಳ ಎದೆಯಲ್ಲಿ ಹೊಕ್ಕದ್ದು ಅರ್ಧ ಅಂಜಿಕೆ, ಅರ್ಧ ಹೊಟ್ಟೆಕಿಚ್ಚು. ಯಾವ ಅರ್ಧ ದೊಡ್ಡದೆಂದು ಅವಳಿಗೇ ತಿಳಿಯಲಿಲ್ಲ.

ಕಾಂತು ಕುರಿ ವ್ಯಾಪಾರದವನು. ಇಂಡಿ, ತಾಳಿಕೋಟೆ ಎಂದು ಸಂತೆ ಸುತ್ತಿ ಬಂದವನ ಮುಂದೆ ಎಲ್ಲ ಹೇಳಿಕೊಂಡಳು.

"ಬಿಸಲಿಗಿ ತಲಿ ಕೆಟ್ಟೈತೇನ ನಿಂದು?" ಎಂದು ನಕ್ಕ. ಅಷ್ಟರಲ್ಲಿ ಕಾವೇರಿ ಓಡಿಬಂದು ಅವನ ತೊಡೆಯ ಮೇಲೆ ಕೂತಳು. ಅವನ ಕೈ ಮಗಳ ಜಡೆಯ ಮೇಲೆ ಆಡಿತು, ಆಡುತ್ತಾ ನಿಂತಿತು. ಇನ್ನೊಂದು ಕೈಯಲ್ಲಿದ್ದ ಚಹಾ ಹಾಗೇ ಆರಿತು.

"ಹುಡುಗೀನ ಒಯ್ತಾಳ್ರಿ ಆಕಿ," ಎಂದಳು ಸುಜಾತಾ. "ಇಷ್ಟೆಲ್ಲಾ ಕೊಟ್ಟು ಕೊನಿಗೆ ಅದನ್ನ ಕೇಳ್ತಾಳ."

ಕಾಂತು ಮಗಳನ್ನು ಇಳಿಸಿ ಹೊರಗೆ ಎದ್ದು ಹೋದ. ಮರುದಿನ ಮುಂಜಾನೆಯೇ ಗೊಳಸಂಗಿಗೆ ಕುರಿ ನೋಡಲು ಹೊರಟುಬಿಟ್ಟ. ಗಂಡಸರಿಗೆ ತಿಳಿಯದ್ದು ಎದುರಾದಾಗ ಕೆಲಸ ಹೇಗೋ ನೆನಪಾಗುತ್ತದೆ.

ಅವತ್ತು ಇಂದ್ರಾಬಾಯಿ ಓಣಿಯ ಕೊನೆಯ ಮನೆಗೆ ಶಾವಿಗೆ ಹೊಸೆಯಲು ಹೋಗಿದ್ದಳು. ಬಿಸಿಲು ನೆತ್ತಿಯ ಮೇಲಿತ್ತು. ಹಿತ್ತಲಿನಿಂದ ಬರುತ್ತಿದ್ದ ಕಾವೇರಿಯ ಮಾತು ನಿಂತದ್ದು ಸುಜಾತಾಳ ಗಮನಕ್ಕೆ ಬರಲು ಕೊಂಚ ಹೊತ್ತು ಹಿಡಿಯಿತು. ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲು ತೆರೆದಳು.

ಬೇವಿನ ಕೆಳಗೆ ಇಳಕಲ್ ಸೀರೆ ಹಾಸಿತ್ತು. ಬರೀ ಸೆರಗಲ್ಲ, ಟ್ರಂಕಿನಲ್ಲಿದ್ದ ಇಡೀ ಸೀರೆ. ಅವಳು ಕತ್ತರಿಸಿದ ಸೆರಗು ಅದರ ಮೈಗೆ ಮತ್ತೆ ಕೂಡಿಕೊಂಡಿತ್ತು, ಹೊಲಿಗೆಯ ಗುರುತು ಇಲ್ಲದೆ. ಅದರ ನಡುವೆ ಕಾವೇರಿ ಕಣ್ಣು ಮುಚ್ಚಿ ಮಲಗಿದ್ದಳು. ಸೀರೆ ಎರಡೂ ಪಕ್ಕದಿಂದ ಅವಳ ಮೇಲೆ ಬಂದಿತ್ತು. ತಲೆಯ ಕಡೆ ಒಂದು ಗಂಟು ಬಿದ್ದಿತ್ತು. ಕಾಲ ಕಡೆಯ ಗಂಟು ಸುಜಾತಾ ನೋಡನೋಡುತ್ತಿದ್ದಂತೆ ಮೆಲ್ಲಗೆ ಬಿಗಿಯುತ್ತಿತ್ತು. ಗಾಳಿ ಇರಲಿಲ್ಲ, ಬೇವಿನ ಒಂದೆಲೆಯೂ ಅಲುಗುತ್ತಿರಲಿಲ್ಲ.

ಸುಜಾತಾ ಜೀವಮಾನದಲ್ಲಿ ಸಾವಿರ ಗಂಟು ಕಟ್ಟಿದವಳು. ತಲೆಗೊಂದು ಕಾಲಿಗೊಂದು ಗಂಟು ಹಾಕುವುದನ್ನು ಅವಳು ನೋಡಿದ್ದು ಒಂದೇ ಕಡೆ, ಹೆಣಕ್ಕೆ. ಚೀರಿಕೊಂಡು ಹೋಗಿ ಎಳೆದಳು. ಬಲಗೈಯಲ್ಲಿ ಎಳೆದಷ್ಟೂ ಗಂಟು ಬಿಗಿಯಿತು. ಎಡಗೈ ಹಚ್ಚಿದಾಗ ಸುಲಭವಾಗಿ ಸಡಿಲಿತು, ಒಳಗಿನಿಂದ ಇನ್ನೊಂದು ಕೈ ನೆರವಾದಂತೆ. ಹುಡುಗಿಯನ್ನು ಎದೆಗವಚಿಕೊಂಡು ಒಳಗೆ ಓಡಿದಳು. ಕಾವೇರಿಯ ಮೈ ಬೆಚ್ಚಗಿತ್ತು, ಉಸಿರು ನೆಟ್ಟಗಿತ್ತು, ಎಚ್ಚರವಾದವಳು "ಯಾಕ ಎಬ್ಬಿಸಿದಿ?" ಎಂದು ರೇಗಿದಳು.

ಹುಡುಗಿಯನ್ನು ಒಳಕೋಣೆಯಲ್ಲಿ ಕೂಡಿಹಾಕಿ ಸುಜಾತಾ ಮತ್ತೆ ಹಿತ್ತಲಿಗೆ ಬಂದಳು. ಸೀರೆಯನ್ನು ಎತ್ತಿ ಕೊಡವಿದಳು. ಮಣ್ಣಿನ ಕಣ, ಬೇವಿನ ಕಡ್ಡಿ, ಏನೂ ಉಳಿಯದ ಹಾಗೆ ತಿರುತಿರುಗಿ ಕೊಡವಿದಳು. ಅತ್ತೆಯ ಮಾತು ನೆನಪಿರಲಿಲ್ಲವೆಂದಲ್ಲ. ಜೋಳದ ಚೀಲ ಬಾಗಿಲ ಬದಿಗೇ ಇತ್ತು, ಬಗ್ಗಿದರೆ ಕೈಗೆಟಕುತ್ತಿತ್ತು. ಒಂದು ಕಾಳು ಹಾಕಿದ್ದರೂ ಸಾಕಿತ್ತು. ಅವಳು ಬಗ್ಗಲಿಲ್ಲ.

"ತೊಗೊ," ಎಂದಳು ಗಟ್ಟಿಯಾಗಿ. "ಖಾಲಿ ಐತಿ. ಇನ್ನ ಇಲ್ಲಿ ನಿಂದು ಏನೂ ಇಲ್ಲ."

ಸೀರೆಯನ್ನು ಮಡಚಿ ಕಟ್ಟೆಯ ಮೇಲಿಟ್ಟು ಬಾಗಿಲು ಹಾಕಿಕೊಂಡಳು. ಗೆದ್ದೆನೆಂಬ ಸಮಾಧಾನದಲ್ಲಿ ಉಳಿದ ರೊಟ್ಟಿಯನ್ನೂ ಬಡಿದಳು.

ಇಳಿಹೊತ್ತಿಗೆ ಇಂದ್ರಾಬಾಯಿ ಬಂದಳು. ಸುಜಾತಾ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮುದುಕಿ ಕೇಳಿದ್ದು ಒಂದೇ.

"ಗಂಟು ಎಲ್ಲೆಲ್ಲಿ ಬಿದ್ದಿದ್ದು?"

"ತಲಿ ಕಡೆ ಒಂದು, ಕಾಲ ಕಡೆ ಒಂದು. ಹೆಣಕ್ಕ ಕಟ್ಟಿದಂಗರಿ ಅತ್ತಿ."

ಇಂದ್ರಾಬಾಯಿ ಅಳುತ್ತಾ ಗೋಡೆ ಹಿಡಿದು ಕೂತಳು.

"ಜೋಳಿಗಿನ ಅದು, ಹುಚ್ಚಿ. ಕೂಸಿನ ಜೋಳಿಗಿ. ಹೊಲಕ್ಕ ಕಸಾ ತಗ್ಯಾಕ ಹೋದಾಗ ಅದ ಸೀರಿಗೆ ಆ ತುದಿಗೊಂದು ಈ ತುದಿಗೊಂದು ಗಂಟು ಹಾಕಿ, ಬನ್ನಿ ಗಿಡದ ಟೊಂಗಿಗೆ ಇಳಿಬಿಟ್ಟು, ಇದನ್ನ ಮಲಗಿಸ್ತಿದ್ಲು. ಬಿಸಲಾಗ ಹುಡುಗಿ ನೆಲದ ಮ್ಯಾಲೆ ನಿದ್ದಿ ಮಾಡಿತ್ತು. ತಾಯಿ ಜೀವ, ಮತ್ತೇನ ಮಾಡೀತು? ಒಯ್ಯಾಕ ಬಂದಾಕಿ ಇಷ್ಟ ದಿನ ಯಾಕ ಕುಂಡ್ರತಿದ್ಲು?"

ಕೂಸನ್ನೇ ಆಡಿಸದವಳಿಗೆ ಜೋಳಿಗೆಯ ಗಂಟು ಹೇಗೆ ಗೊತ್ತಿರಬೇಕು?

"ಒಂದು ಕಾಳರ ಹಾಕಿದ್ಯೋ ಇಲ್ಲೋ?" ಎಂದಳು ಮುದುಕಿ.

ಸುಜಾತಾ ಚೀಲಕ್ಕೆ ಕೈ ಹಾಕಿ ಮುಷ್ಟಿ ತುಂಬ ಜೋಳ ಹಿಡಿದು ಹಿತ್ತಲಿಗೆ ಓಡಿದಳು. ಕಟ್ಟೆ ಖಾಲಿಯಾಗಿತ್ತು. ಅವಳು ಜೋಳವನ್ನು ಕಟ್ಟೆಯ ಮೇಲೆ ಸುರಿದು, "ತಪ್ಪಾತು, ತೊಗೊಳ್ರಿ ಅಕ್ಕಾ, ತೊಗೊಳ್ರಿ" ಎಂದು ಬೇಡಿದಳು. ಕತ್ತಲಾಗುವ ಮುಂಚೆ ಗುಬ್ಬಿಗಳು ಬಂದು ಅದನ್ನೆಲ್ಲ ತಿಂದು ಹೋದವು.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕೂತಿದ್ದಾಗ ಬೆನ್ನ ಹಿಂದೆ ದನಿ ಬಂತು.

"ಅವ್ವಾ, ಹಾಲು ಕೊಡ."

ಹುಡುಗಿ ಫೋಟೋದೊಡನೆ ಮಾತಾಡುತ್ತಿದ್ದಾಳೆಂದು ಸುಜಾತಾ ತಿರುಗಿದಳು. ಕಾವೇರಿ ನೋಡುತ್ತಿದ್ದುದು ಅವಳನ್ನೇ. ಸುಳ್ಳೇಕೆ ಹೇಳಬೇಕು, ಆ ಕ್ಷಣ ಸುಜಾತಾಳಿಗೆ ಬೇರೇನೂ ನೆನಪಿರಲಿಲ್ಲ. ಎದೆ ಒಡೆದುಹೋಗುವಷ್ಟು ಸಂತೋಷವಾಯಿತು. ಮಗುವನ್ನು ಬಾಚಿ ತಬ್ಬಿಕೊಂಡಳು, ಹುಡುಗಿಯೂ ಕೊರಳಿಗೆ ಕೈ ಹಾಕಿ ಜೋತುಬಿದ್ದಳು. ಆ ಜೋತುಬಿದ್ದಲ್ಲಿಂದಲೇ ಗೋಡೆಯ ಕಡೆ ಬೆರಳು ತೋರಿಸಿ ಕೇಳಿದಳು:

"ಈಕಿ ಯಾರಬೇ?"

ಇಂದ್ರಾಬಾಯಿ ತಲೆಯೆತ್ತಿ ಕಣ್ಣು ಕಿರಿದು ಮಾಡಿ ನೋಡಿದಳು. "ಯಾರೋ ಏನೋ. ಹಾರ ಬ್ಯಾರೆ ಹಾಕ್ಯಾರ. ಪ್ಯಾಕ್ ಮಾಡಾಕ ಯಾರರ ತಂದು ಮರತು ಹೋಗ್ಯಾರೇನ ನೋಡ ಸುಜಾತಾ."

"ಅತ್ತಿ, ರೇಣುಕಾ ಅಕ್ಕಾರ ರೀ! ನಿಮ್ಮ ಸೊಸಿ! ನಿನ್ನಿ ಸಂಜಿಗಿ ನೀವ ಅತ್ತಿರಿ."

"ನಾ ಯಾಕಳಲಿ ತಂಗಿ?" ಎಂದಳು ಮುದುಕಿ, ಮೆತ್ತಗೆ, ಜ್ವರ ಬಂದವರನ್ನು ಮಾತಾಡಿಸುವಂತೆ. "ನನಗ ಸೊಸಿ ಅಂದ್ರ ನೀ ಒಬ್ಬಾಕಿ."

ಮಧ್ಯಾಹ್ನ ಕಾಂತು ಬಂದ. ಅವನ ಮುಂದೆಯೂ ಆ ಹೆಸರು ಹೇಳಿದಳು. ಅವನು ಫೋಟೋವನ್ನು ಇಳಿಸಿ ಕೈಯಲ್ಲಿ ಹಿಡಿದು, ಗುರುತಿಲ್ಲದ ಊರಿನವರ ಮುಖ ನೋಡುವಂತೆ ನೋಡಿ, ಮೂಲೆಗಿಟ್ಟ. ಮೋರಟಗಿಯ ಆ ಮನೆಯಲ್ಲಿ ರೇಣುಕಾಳನ್ನು ಬಲ್ಲವಳು ಈಗ ಒಬ್ಬಳೇ, ಅವಳನ್ನು ಒಮ್ಮೆಯೂ ಕಣ್ಣಾರೆ ಕಾಣದವಳು. ಸುಜಾತಾ ಫೋಟೋವನ್ನು ಮತ್ತೆ ಮೊಳೆಗೆ ಹಾಕಲು ಎತ್ತಿದಳು. ಹಾಕಿ ಯಾರಿಗೆ ಏನೆಂದು ಹೇಳುವುದು? ಹಾಗೇ ಕೂತುಬಿಟ್ಟಳು.

ಕಾವೇರಿ ಬಂದು ತಾನಾಗಿ ಅವಳ ತೊಡೆ ಏರಿದಳು. ವರ್ಷವಿಡೀ ಕರೆದರೂ ಏರದಿದ್ದವಳು.

"ಅವ್ವಾ, ನಾ ಸಣ್ಣಾಕಿದ್ದಾಗ ಹೆಂಗಿದ್ದೆ? ಹೇಳಬೇ."

ಸುಜಾತಾ ಅತ್ತೆಯ ಕಡೆ ನೋಡಿದಳು. "ನೀನ ಹೇಳಬೇಕ," ಎಂದು ನಕ್ಕಳು ಇಂದ್ರಾಬಾಯಿ, "ನನಗೇನೂ ನೆನಪಿಲ್ಲ ನೋಡ. ಹಡದಾಕಿಗೆ ಗೊತ್ತಿರತೈತಿ."

ಮೊದಲು ಆಡಿದ ಮಾತು ಯಾವುದು, ಮೊದಲ ಹೆಜ್ಜೆ ಎಲ್ಲಿ ಇಟ್ಟಳು, ಅಳುವಾಗ ಏನು ತೋರಿಸಿದರೆ ಸುಮ್ಮನಾಗುತ್ತಿದ್ದಳು, ಇದನ್ನೆಲ್ಲ ಬಲ್ಲವಳು ಒಬ್ಬಳೇ ಇದ್ದಳು. ಕಾವೇರಿ ಸುಜಾತಾಳ ಸೆರಗು ಹಿಡಿದು ಜಗ್ಗಿದಳು. "ಹೇಳಬೇ."

"ಹೊಲಕ್ಕ ಹೋದಾಗ," ಎಂದು ಸುಜಾತಾ ಶುರು ಮಾಡಿದಳು, "ಸೀರೀಲೆ ಜೋಳಿಗಿ ಕಟ್ಟಿ, ಬನ್ನಿ ಗಿಡಕ್ಕ ಇಳಿಬಿಟ್ಟು, ನಿನ್ನ ಮಲಗಸ್ತಿದ್ದರು."

"ಯಾರು ಮಲಗಸ್ತಿದ್ದರು?"

ಹುಡುಗಿಯ ಕಣ್ಣು ಅವಳ ಮುಖದ ಮೇಲಿತ್ತು. ಫೋಟೋ ಇನ್ನೂ ಸುಜಾತಾಳ ಕೈಯಲ್ಲೇ ಇತ್ತು.

"ನಾನ," ಎಂದಳು ಸುಜಾತಾ.